ಈರುಳ್ಳಿ ತೂಗುತ್ತಿದ್ದ ಮೇಡಂ

ಒಳ್ಳೆಯವರ ಜೊತೆ ದುಡಿಯುವಷ್ಟು ಸುಸ್ತಿನ ಕೆಲಸ ಇನ್ನೊಂದಿಲ್ಲ. ಮೇಲಿನವರು ಕೆಟ್ಟವರಾದರೆ ಸಂಜೆ ನಾಲ್ಕು ಜನರ ಮುಂದೆ ಬೈದು, ಮನೆಗೆ ಹೋಗಿ ಉಂಡು ಮಲಗಬಹುದು. ಒಳ್ಳೆಯವರು ಹಾಗೆ ಮಲಗಲು ಬಿಡುವುದಿಲ್ಲ. ನಮ್ಮ ಮೇಡಂ ಆ ಜಾತಿಯವರು. ಅವರ ಪ್ರಯೋಗಾಲಯದಲ್ಲಿ, ಅವರ ಪಕ್ಕದ ಬೆಂಚಿನಲ್ಲಿ ವರ್ಷಾನುಗಟ್ಟಲೆ ಬಗ್ಗಿ ಕೆಲಸ ಮಾಡಿದ ನನಗೆ ಈಗಲೂ ಬೆನ್ನು ನೋಯುತ್ತದೆ. ಆ ನೋವಿನಲ್ಲಿ ಅರ್ಧ ವಯಸ್ಸಿನದು, ಇನ್ನರ್ಧ ಅವರದು.

ಹೋದ ತಿಂಗಳು ಅವರ ನಿವೃತ್ತಿಯ ಸಮಾರಂಭವಿತ್ತು. ನಾನು ಆ ಸಂಸ್ಥೆ ಬಿಟ್ಟು ಯಲಹಂಕದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೇನೆ. ಹೆಬ್ಬಾಳದ ಫ್ಲೈಓವರ್ ಮೇಲೆ ಅರ್ಧ ಆಯುಷ್ಯ ಕಳೆದು ಸಭಾಂಗಣ ಸೇರುವಷ್ಟರಲ್ಲಿ ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ ಎಲ್ಲ ಆಗಿ ಭಾಷಣ ನಡೆಯುತ್ತಿತ್ತು. ಒಬ್ಬ ಗಣ್ಯರು ಹೇಳಿದರು: "ಹೊಟ್ಟೆಯ ಕ್ಯಾನ್ಸರ್ ದೇಹದಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟವರು ನಮ್ಮ ಮೇಡಂ." ಚಪ್ಪಾಳೆ ಬಿತ್ತು. ವೇದಿಕೆಯ ಮೇಲೆ ಮೇಡಂ 'ಇಲ್ಲ ಇಲ್ಲ' ಎಂಬಂತೆ ಜೋರಾಗಿ ತಲೆ ಆಡಿಸಿದರು. ಗಣ್ಯರು ಅದನ್ನು ವಿನಯವೆಂದು ತಿಳಿದು ಆ ವಿನಯವನ್ನೂ ಹೊಗಳಿದರು. ನನಗೆ ಸಿಟ್ಟು ಬಂತು. ಅವರು ಹಾಗೆ ತೋರಿಸಿಕೊಡಲಿಲ್ಲ. ತೋರಿಸಿದ್ದೇನೆ ಎಂದು ಮೊದಲು ಬರೆದರು, ಆಮೇಲೆ ಅದು ಸುಳ್ಳೆಂದು ತಾವೇ ಹೇಳಿದರು. ಅವರ ಬದುಕಿನ ದೊಡ್ಡ ಕೆಲಸ ಆ ಎರಡನೆಯದು. ಅದನ್ನು ಆ ದಿನ ಯಾರೂ ಹೇಳಲಿಲ್ಲವಾದ್ದರಿಂದ ನಾನು ಬರೆಯುತ್ತಿದ್ದೇನೆ.

ಮೇಡಂ ಬ್ಯಾಟರಾಯನಪುರದ ಹಳೆಯ ಊರಿನವರು. ಅವರಪ್ಪ ಸೊಪ್ಪು, ತರಕಾರಿ ಬೆಳೆಯುತ್ತಿದ್ದವರು. ಮೇಡಂ ಅವರ ತಮ್ಮ ಆ ನೆಲದ ಮೇಲೆ ಅಪಾರ್ಟ್‌ಮೆಂಟ್ ಬೆಳೆದ. ಅಕ್ಕ ಮಾತ್ರ ಜೀವರಸಾಯನ ಓದಿ, ಮದುವೆಯ ಮಾತು ಬಂದಾಗಲೆಲ್ಲ ಇನ್ನೊಂದು ಪರೀಕ್ಷೆ ಕಟ್ಟಿ, ಕೊನೆಗೆ ಮನೆಯವರಿಗೇ ಬೇಜಾರಾಗಿ ಬಿಟ್ಟರಂತೆ. ತಾಯಿ, ತಮ್ಮ, ತಮ್ಮನ ಸಂಸಾರದ ಜೊತೆ ಅದೇ ಮನೆಯಲ್ಲಿ ಇದ್ದರು. ಕಾಟನ್ ಸೀರೆ, ಅದರ ಮೇಲೆ ಬಿಳಿ ಕೋಟು, ಸೆರಗನ್ನು ಕೋಟಿನೊಳಗೆ ತುರುಕಿಕೊಂಡು ಬರುತ್ತಿದ್ದರು. ಲ್ಯಾಬಿನಲ್ಲಿ ನಮ್ಮೆಲ್ಲರ ಹಾಗೆ ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಮಾತಾಡುತ್ತಿದ್ದವರು ಸಿಟ್ಟು ಬಂದಾಗ ಪೂರ್ತಿ ಊರಿನವರಾಗುತ್ತಿದ್ದರು. "ಅಂಗಲ್ಲ ಕಣಪ್ಪಾ, ಇಂಗೆ!" ಎಂಬ ಮಾತು ಕೇಳಿದರೆ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ನಿಲ್ಲುವುದು ಕ್ಷೇಮ. ಹೊಗಳಿಕೆಯಲ್ಲಿ ಅವರ ಬಳಿ ಇದ್ದ ಅತಿ ದೊಡ್ಡ ಮಾತು 'ಪರ್ವಾಗಿಲ್ಲ'. ಅದು ಸಿಕ್ಕ ದಿನ ನಾವು ಕ್ಯಾಂಟೀನಿನಲ್ಲಿ ಎಲ್ಲರಿಗೂ ಟೀ ಕೊಡಿಸುತ್ತಿದ್ದೆವು.

ನಾನು ಸೇರಿದ್ದು ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ವರ್ಷ. ಬಳ್ಳಾರಿ ರಸ್ತೆಯನ್ನು ಅಗಲ ಮಾಡುವ ಗಡಿಬಿಡಿ ನಡೆದಿತ್ತು. ಮನೆಗಳ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋಗುತ್ತಿದ್ದರು. ಗುರುತು ಬಿದ್ದದ್ದು ಒಡೆಯುವುದಕ್ಕೆ ಎಂದು ಅರ್ಥ. ಮೊದಲ ದಿನ ಮೇಡಂ ನನ್ನನ್ನು ಕೂರಿಸಿಕೊಂಡು ತಮ್ಮ ಸಂಶೋಧನೆಯನ್ನು ವಿವರಿಸಿದ್ದು ಅದೇ ಗೋಡೆಯಿಂದ.

"ನಮ್ಮ ಸೆಲ್ ಒಳಗೂ ಇಂಗೇನೇ. ಬೇಡದ ಪ್ರೋಟೀನ್ ಮೇಲೆ ಯುಬಿಕ್ವಿಟಿನ್ ಅಂತ ಒಂದು ಪುಟ್ಟ ಗುರುತು ಅಂಟಿಸ್ತಾರೆ. ಗುರುತು ಬಿದ್ದಿದ್ದನ್ನ ಒಡೆದು ಹಾಕ್ತಾರೆ. ಈಗ ಯಾರೋ ಒಬ್ಬ ಬಂದು ಆ ಗುರುತಿನ ಮೇಲೆ ಸುಣ್ಣ ಬಳ್ದು ಹೋದ ಅಂದ್ಕೊಳ್ಳಿ. ಏನಾಗತ್ತೆ?"

"ಮನೆ ಉಳ್ಕೊಳ್ಳತ್ತೆ ಮೇಡಂ."

"ಉಳ್ಕೊಂಡೈತೆ. ನಮ್ ತಮ್ಮ ಬಳ್ದಿದ್ದಾನೆ." ಎಂದು ನಕ್ಕರು. ತಮ್ಮನ ಸುಣ್ಣ ಹೆಚ್ಚು ದಿನ ನಿಲ್ಲಲಿಲ್ಲ, ಮನೆಯ ಮುಂದಿನ ಪಡಸಾಲೆ ರಸ್ತೆಗೆ ಹೋಯಿತು. ಆದರೆ ಜೀವಕೋಶದೊಳಗೆ ಸುಣ್ಣ ಬಳಿಯುವವರು ಅವನಿಗಿಂತ ಗಟ್ಟಿ. ಡಿಯುಬಿಕ್ವಿಟಿನೇಟಿಂಗ್ ಕಿಣ್ವಗಳು ಎಂದು ಅವುಗಳ ಹೆಸರು. ಆ ಹೆಸರನ್ನು ಪೂರ್ತಿ ಹೇಳಿ ಮುಗಿಸುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ ಎಂದು ನಾವು ಚಿಕ್ಕದಾಗಿ 'ಡಬ್' ಎನ್ನುತ್ತಿದ್ದೆವು. ಹೊಟ್ಟೆಯ ಕ್ಯಾನ್ಸರ್ ಕೋಶಗಳಲ್ಲಿ ಇಂಥ ಒಂದು ಡಬ್ ವಿಪರೀತ ಹೆಚ್ಚಿರುತ್ತದೆ. ಅದು ಇದ್ದರೆ ಕೋಶಗಳು ಬೇಗ ಬೆಳೆಯುತ್ತವೆ ಎಂಬುದನ್ನು ಮೇಡಂ ಆಗಲೇ ತೋರಿಸಿದ್ದರು. ಕ್ಯಾನ್ಸರ್ ಹೊಟ್ಟೆಯಲ್ಲೇ ನಿಲ್ಲದೆ ಬೇರೆ ಅಂಗಗಳಿಗೆ ಹರಡುವುದಕ್ಕೂ ಇದೇ ಕಾರಣವೇ ಎಂಬುದು ಮುಂದಿನ ಪ್ರಶ್ನೆ. ಹರಡಲು ನೆರವಾಗುವ ಪ್ರೋಟೀನ್ ಒಂದಿದೆ. ಅದರ ಮೇಲೆ ಬಿದ್ದ ಗುರುತನ್ನು ಈ ಡಬ್ ಅಳಿಸಿ ಅದನ್ನು ಬದುಕಿಸುತ್ತದೆ ಎಂದು ಅವರ ಊಹೆ. ಅದನ್ನು ಸಾಬೀತು ಮಾಡುವುದರಲ್ಲೇ ನಮ್ಮೆಲ್ಲರ ಯೌವನ ಕಳೆಯಿತು.

ಈಗ ಈರುಳ್ಳಿಯ ವಿಷಯ. ಕೋಶದ ಒಳಗೇನಿದೆ ಎಂದು ನೋಡಬೇಕಾದರೆ ಅದನ್ನು ಒಂದು ದ್ರಾವಣದಲ್ಲಿ ಹಾಕಿ ಒಡೆಯಬೇಕು. ಕಷ್ಟವೇನೆಂದರೆ, ಕೋಶ ಒಡೆದ ಮೇಲೂ ಡಬ್‌ಗಳು ಸುಮ್ಮನಿರುವುದಿಲ್ಲ. ಸತ್ತ ಕೋಶದ ಗಂಜಿಯಲ್ಲೂ ಗುರುತುಗಳನ್ನು ಅಳಿಸುತ್ತಲೇ ಇರುತ್ತವೆ. ಅವುಗಳ ಕೈ ಕಟ್ಟಿಹಾಕಲು ದ್ರಾವಣಕ್ಕೆ ಒಂದು ಬಿಳಿ ಪುಡಿ ಬೆರೆಸಬೇಕು. ಡಬ್ಬಿ ತೆಗೆದರೆ ಸಾಕು, ಕಣ್ಣು ಧಾರಾಕಾರ ಸುರಿಯುವಂಥ ಪುಡಿ ಅದು. ನಾವು ಅದಕ್ಕೆ ಈರುಳ್ಳಿ ಎಂದೇ ಹೆಸರಿಟ್ಟಿದ್ದೆವು. ಯಾವ ವಿದ್ಯಾರ್ಥಿಯೂ ಅದನ್ನು ಮುಟ್ಟಲು ಮೇಡಂ ಬಿಡುತ್ತಿರಲಿಲ್ಲ. "ಓದೋ ಮಕ್ಳು, ಕಣ್ಣು ಹಾಳ್ ಮಾಡ್ಕೊಂಡ್ ಏನ್ ಮಾಡ್ತೀರಿ" ಎಂದು ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಬಾಗಿಲು ಹಾಕಿಕೊಂಡು ತಾವೇ ತೂಗಿ, ಆಲ್ಕೋಹಾಲಿನಲ್ಲಿ ಕರಗಿಸಿ, ಪುಟ್ಟ ಪುಟ್ಟ ಟ್ಯೂಬುಗಳಲ್ಲಿ ತುಂಬಿ, ತೀರ್ಥ ಕೊಡುವ ಹಾಗೆ ಎಲ್ಲರಿಗೂ ಹಂಚುತ್ತಿದ್ದರು. ಕೋಶ ಒಡೆಯುವ ಹೊತ್ತಿಗೆ ಸರಿಯಾಗಿ ಅದನ್ನು ದ್ರಾವಣಕ್ಕೆ ಸೇರಿಸಿಕೊಳ್ಳಬೇಕು. ನೀರಿಗೆ ಬಿದ್ದ ಮೇಲೆ ಅದರ ಶಕ್ತಿ ಕೆಲವು ಗಂಟೆ ಮಾತ್ರ. "ಒಗ್ಗರಣೆ ಇದ್ದಂಗೆ, ಕೊನೇಲಿ ಹಾಕ್ಬೇಕು" ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು.

ಸೋಮವಾರ ಕೆಂಪು ಕಣ್ಣು ಒರೆಸುತ್ತಾ ಕಾರಿಡಾರಿನಲ್ಲಿ ಬರುವ ಮೇಡಂ ಅವರನ್ನು ನೋಡಿ, ಹೊಸದಾಗಿ ಸೇರಿದವರು ಮನೆಯಲ್ಲಿ ಏನೋ ಜಗಳವಾಗಿದೆ ಎಂದುಕೊಳ್ಳುತ್ತಿದ್ದರು. ಒಬ್ಬ ಹುಡುಗಿಯಂತೂ ಸಮಾಧಾನ ಮಾಡಲು ಹೋಗಿ ತಾನೂ ಅತ್ತು ಬಂದಿದ್ದಳು. ಮೇಡಂ ಅವಳಿಗೆ ತಿದ್ದಿ ಹೇಳದೆ, "ಅತ್ತಿದ್ದು ಒಳ್ಳೇದಾಯ್ತು, ಈಗ ಹೋಗಿ ಕೆಲ್ಸ ನೋಡು" ಎಂದು ಕಳಿಸಿದರು.

ಆ ಹುಡುಗಿಯೇ ನಾಜಿಮಾ. ಆರ್.ಟಿ. ನಗರದವಳು. ತಂದೆ ಇರಲಿಲ್ಲ, ಅಣ್ಣನದು ಮೊಬೈಲ್ ರಿಪೇರಿ ಅಂಗಡಿ. ಮೇಡಂ ಅವರ ಕೊನೆಯ ಪಿಎಚ್.ಡಿ. ವಿದ್ಯಾರ್ಥಿನಿ, ಮತ್ತು ನಾನು ನೋಡಿದವರಲ್ಲೇ ಅತಿ ಹೆಚ್ಚು ಮಾತಾಡುವವಳು. ಕ್ಯಾನ್ಸರ್ ಹರಡುವ ಪ್ರಶ್ನೆ ಅವಳ ಪಾಲಿಗೆ ಬಂತು. ಕೃತಕವಾಗಿ ಬೆಳೆಸಿದ ಕೋಶಗಳ ಜೊತೆಗೆ, ನಿಜವಾದ ರೋಗಿಗಳಿಂದ ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರುಗಳನ್ನೂ ಅವಳು ಪರೀಕ್ಷಿಸಬೇಕಿತ್ತು. ಒಂದು ಆಸ್ಪತ್ರೆಯವರು ರೋಗಿಗಳ ಒಪ್ಪಿಗೆ ಪಡೆದು ಕೊಡುತ್ತಿದ್ದರು. ಕರೆ ಬಂದ ದಿನ ನಾಜಿಮಾ ಐಸಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದಳು.

"ಏನಮ್ಮಾ, ಮೀನಾ?" ಎಂದು ಒಮ್ಮೆ ಕಂಡಕ್ಟರ್ ಕೇಳಿದನಂತೆ.

"ಹೂಂ ಅಂದ್ಬಿಟ್ಟೆ ಮೇಡಂ. ಇಲ್ಲಾಂದ್ರೆ ಹೆಬ್ಬಾಳದಲ್ಲೇ ಇಳಿಸ್ತಿದ್ದ" ಎಂದು ನಾಜಿಮಾ ನಗುತ್ತಾ ಹೇಳಿದಳು. ನಾವೂ ನಕ್ಕೆವು. ಮೇಡಂ ನಗಲಿಲ್ಲ. ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, "ಇದು ಯಾರ್ದೋ ಹೊಟ್ಟೆ ಕಣೇ" ಎಂದರು. ಅವರ ಒಂದು ಕಟ್ಟಳೆ ಇತ್ತು: ಗಡ್ಡೆಯ ಚೂರು ಬಂದ ದಿನ, ಅದು ಸರಿಯಾಗಿ ಫ್ರೀಜರ್ ಸೇರುವ ತನಕ ಲ್ಯಾಬಿನಲ್ಲಿ ಯಾರೂ ಟೀ ಕುಡಿಯಲು ಹೋಗುವಂತಿಲ್ಲ. ಮನೆಯಲ್ಲಿ ಸಾವಾದಾಗ ಒಲೆ ಹಚ್ಚದ ಹಾಗೆ. ನನಗೆ ಇದು ಅತಿಯೆನಿಸುತ್ತಿತ್ತು, ತಲೆನೋವೂ ಬರುತ್ತಿತ್ತು. ಆದರೂ ಅವರಿಗೆ ಎದುರು ಹೇಳುವ ಧೈರ್ಯವಿರಲಿಲ್ಲ.

ನಡುವೆ ಮೇಡಂ ಅವರ ತಾಯಿ ಹಾಸಿಗೆ ಹಿಡಿದರು. ಬೆಳಗಿನ ಮೈ ಒರೆಸುವುದು, ಗಂಜಿ ಕುಡಿಸುವುದು ಎಲ್ಲ ಮಗಳಿಂದಲೇ ಆಗಬೇಕು, ಸೊಸೆ ಮುಟ್ಟಿದರೆ ಮುದುಕಿ ಹಟ ಮಾಡುತ್ತಿದ್ದರಂತೆ. ಸೋಮವಾರ ಎಲ್ಲರಿಗಿಂತ ಮುಂಚೆ ಬರುವುದು ಮೇಡಂ ಅವರಿಂದ ಆಗದೆ ಹೋಯಿತು. ಪುಡಿ ತೂಗುವುದನ್ನು ನಮಗೆ ಬಿಟ್ಟುಕೊಡಿ ಎಂದರೆ ಕೇಳಲಿಲ್ಲ. ಅವರ ಒಳ್ಳೆಯತನದೊಳಗೆ ಸ್ವಲ್ಪ ಯಜಮಾನಿಕೆಯೂ ಇತ್ತು ಎಂದು ನನಗೆ ಯಾವತ್ತಿನಿಂದಲೂ ಗುಮಾನಿ. ಅದರ ಬದಲು ಒಂದು ಉಪಾಯ ಮಾಡಿದರು. ತಿಂಗಳಿಗೊಮ್ಮೆ ಪುಡಿಯನ್ನು ದ್ರಾವಣದಲ್ಲೇ ಬೆರೆಸಿ, ಸಿದ್ಧ ದ್ರಾವಣವನ್ನು ದೊಡ್ಡ ಟ್ಯೂಬುಗಳಲ್ಲಿ ತುಂಬಿ, ಫ್ರೀಜರಿನಲ್ಲಿ ಗಟ್ಟಿ ಮಾಡಿ ಇಟ್ಟರು. ಬೇಕಾದಾಗ ತೆಗೆದು, ಕರಗಿಸಿ, ಬಳಸಿ, ಉಳಿದದ್ದನ್ನು ಮತ್ತೆ ಇಡಿ ಎಂದರು. ಒಗ್ಗರಣೆಯ ಮಾತು ಅವರಿಗೂ ಮರೆತಿರಲಿಲ್ಲ. ಹೆಪ್ಪುಗಟ್ಟಿದ ಮೇಲೆ ಏನೂ ಕೆಡದು ಎಂದು ನಂಬಿದ್ದರು. ನಮಗೂ ಸುಲಭವಾಯಿತು, ಯಾರೂ ಪ್ರಶ್ನೆ ಕೇಳಲಿಲ್ಲ.

ಅಲ್ಲಿಂದ ನಾಜಿಮಾಳ ಫಲಿತಾಂಶಗಳು ಬರತೊಡಗಿದವು ನೋಡಿ, ಒಂದಕ್ಕಿಂತ ಒಂದು ಸೊಗಸು. ಗುರುತುಗಳು ಉಳಿದಿದ್ದರೆ ಎಕ್ಸ್‌ರೇ ಫಿಲ್ಮಿನ ಮೇಲೆ ಏಣಿಯ ಮೆಟ್ಟಿಲಿನ ಹಾಗೆ ಕಪ್ಪು ಗೆರೆಗಳು ಮೂಡುತ್ತವೆ. ಡಬ್ ಇಲ್ಲದಂತೆ ಮಾಡಿದ ಕೋಶಗಳಲ್ಲಿ ಏಣಿ ದಟ್ಟವಾಗಿ ಬಂತು. ಡಬ್ ಇರುವ ಕೋಶಗಳಲ್ಲಿ ಏಣಿಯೇ ಮಾಯ. ಅಂದರೆ ಡಬ್ ಗುರುತು ಅಳಿಸುತ್ತಿದೆ, ಊಹೆ ನಿಜ. ರೋಗಿಗಳ ಗಡ್ಡೆಯಲ್ಲೂ ಅದೇ ಕತೆ. ವಿಜ್ಞಾನ ಪತ್ರಿಕೆಯೊಂದರಲ್ಲಿ ಪ್ರಬಂಧವೊಂದು ಅಚ್ಚಾಯಿತು. ಮೇಡಂ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು, "ಪರ್ವಾಗಿಲ್ಲ ಕಣೇ, ಚೆನ್ನಾಗೇ ಇದೆ" ಎಂದರು. ಎರಡು ಮಾತು ಒಟ್ಟಿಗೆ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬೇಕಾದ ಉತ್ತರ ಬಂದಾಗ ಯಾರು ತಾನೇ ಹಿಂತಿರುಗಿ ನೋಡುತ್ತಾರೆ?

ನಾಜಿಮಾಳ ಪಿಎಚ್.ಡಿ. ಪ್ರಬಂಧವೂ ಬಹುತೇಕ ಬರೆದು ಮುಗಿದಿತ್ತು. ನೋಂದಣಿಯ ಅವಧಿಯನ್ನು ಅದಾಗಲೇ ಒಮ್ಮೆ ವಿಸ್ತರಿಸಿದ್ದರು, ಇನ್ನು ತಡವಾದರೆ ಹೆಸರೇ ಹೋಗುತ್ತದೆ. ಒಂದು ಕಾಲೇಜಿನವರು ಪದವಿ ಕೈಗೆ ಬಂದ ದಿನ ಕೆಲಸಕ್ಕೆ ಬನ್ನಿ ಎಂದಿದ್ದರು. ಮನೆಯಲ್ಲಿ ಅಣ್ಣ, "ಇನ್ನೂ ಎಷ್ಟು ವರ್ಷ ಓದ್ತೀಯಾ?" ಎಂದು ಕೇಳುವುದನ್ನೂ ಬಿಟ್ಟಿದ್ದನಂತೆ. ಕೇಳುವುದನ್ನು ಬಿಟ್ಟದ್ದೇ ಅವಳಿಗೆ ಹೆಚ್ಚು ಹೆದರಿಕೆ. ಉಳಿದದ್ದು ಏಣಿಯ ಒಂದೇ ಒಂದು ಚಿತ್ರ, ಅದೂ ಮೊದಲು ಮಾಡಿದ್ದನ್ನೇ ಇನ್ನೊಮ್ಮೆ ಚೆನ್ನಾಗಿ ಮಾಡಿ ತೆಗೆಯಬೇಕು ಅಷ್ಟೇ.

ಆ ವಾರ ಮೇಡಂ ಅವರ ತಾಯಿ ತೀರಿಕೊಂಡರು. ಮೇಡಂ ರಜೆಯಲ್ಲಿದ್ದರು, ಸಿದ್ಧ ದ್ರಾವಣ ಮುಗಿದಿತ್ತು. ನಾಜಿಮಾ ಕಾಯದೆ ತಾನೇ ಈರುಳ್ಳಿ ಡಬ್ಬಿ ತೆಗೆದು, ಕಣ್ಣೀರು ಸುರಿಸುತ್ತಾ ತೂಗಿ, ಹೊಸದಾಗಿ ಬೆರೆಸಿಕೊಂಡು ಪ್ರಯೋಗ ಮಾಡಿದಳು. ಫಿಲ್ಮ್ ತೆಗೆದರೆ ಎರಡೂ ಕಡೆ ಒಂದೇ ಏಣಿ. ಡಬ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ತನ್ನದೇ ಕೈತಪ್ಪು ಎಂದು ಮತ್ತೆ ಮಾಡಿದಳು. ಮತ್ತೆ ಹಾಗೆಯೇ ಬಂತು. ಆಮೇಲೆ ನನ್ನ ಬೆಂಚಿನ ಮುಂದೆ ಬಂದು ಫಿಲ್ಮ್ ಇಟ್ಟು, ಮಾತಾಡದೆ ನಿಂತಳು. ನಾಜಿಮಾ ಮಾತಾಡದೆ ನಿಂತದ್ದನ್ನು ನೋಡಿಯೇ ನನಗೆ ಅರ್ಧ ತಿಳಿಯಿತು.

ತಿಳಿದದ್ದು ಇಷ್ಟು. ಆ ಸಿದ್ಧ ದ್ರಾವಣದಲ್ಲಿ ಪುಡಿ ಸತ್ತುಹೋಗಿತ್ತು. ಒಮ್ಮೆ ಕರಗಿಸಿ, ಮತ್ತೆ ಹೆಪ್ಪುಗಟ್ಟಿಸಿ, ನಡುವೆ ಕರೆಂಟು ಹೋಗಿ, ಅದರ ಶಕ್ತಿ ಇಳಿಯುತ್ತಾ ಬಂದಿತ್ತು. ಕೈ ಕಟ್ಟದ ಡಬ್‌ಗಳು ಕೋಶ ಒಡೆದ ಮೇಲೆ ಟ್ಯೂಬಿನೊಳಗೆ ಆರಾಮಾಗಿ ಕೂತು ಗುರುತುಗಳನ್ನು ಅಳಿಸಿದ್ದವು. ನಾವು ಕಂಡದ್ದು ಬದುಕಿರುವ ಕೋಶದಲ್ಲಿ ನಡೆದದ್ದನ್ನಲ್ಲ.

"ನೀನು ಸುಮ್ನಿರು, ನಾನು ಹೇಳ್ತೀನಿ" ಎಂದೆ.

"ಬೇಡ ಸರ್. ನನ್ ಥೀಸಿಸ್ಸು, ನಾನೇ ಹೇಳ್ತೀನಿ."

ಮೇಡಂ ತಾಯಿಯ ತಿಥಿ ಮುಗಿಸಿ ಬಂದ ಮೊದಲ ದಿನವೇ ಹೇಳಿದಳು. ಇನ್ನೊಂದು ವಾರ ಬಿಡಬಾರದಿತ್ತೇ ಎಂದು ನನಗೆ ಅನಿಸಿತ್ತು. ಮೇಡಂ ಎರಡು ಫಿಲ್ಮುಗಳನ್ನೂ ಕಿಟಕಿಗೆ ಹಿಡಿದು ತುಂಬ ಹೊತ್ತು ನಿಂತರು. ಆಮೇಲೆ ಕೇಳಿದರು: "ಪುಡಿ ನೀನೇ ತೂಗಿದ್ಯಾ? ಕಣ್ಣು ಉರೀತಾ?"

"ತುಂಬಾ ಉರೀತು ಮೇಡಂ."

"ವಾರ ವಾರ ಉರಿ ತಪ್ತಲ್ಲ ಅಂತ ನಾನು ಖುಷಿಯಾಗಿದ್ದೆ." ಎಂದು ಕುರ್ಚಿಯಲ್ಲಿ ಕೂತರು. ನಾನು ನೀರು ತಂದುಕೊಟ್ಟೆ, ಕುಡಿಯಲಿಲ್ಲ. ತಮಗೇ ವಿವರಿಸಿಕೊಳ್ಳುವವರ ಹಾಗೆ ಹೇಳಿದರು: "ಒಂದು ಮನೇಲಿ ಅತ್ತೆ ಹಿಂದಿನ ರೂಮಲ್ಲಿ, ಸೊಸೆ ಮುಂದಿನ ರೂಮಲ್ಲಿ. ಮುಖಾನೇ ನೋಡಲ್ಲ. ಜೆಸಿಬಿ ಬಂದು ಮನೆ ಕೆಡವ್ತು ಅನ್ಕೋ. ಇಬ್ರೂ ಬೀದಿಗ್ ಬಿದ್ದು ಜಗಳಕ್ ನಿಂತ್ರು. ನಾವು ಬೀದಿ ಜಗಳ ನೋಡಿ, ಮನೇಲೂ ಇವ್ರು ಇಂಗೇ ಇದ್ರು ಅಂತ ಬರ್ದು ಅಚ್ಚಾಕ್ಸಿದ್ದೀವಿ."

ನಾಜಿಮಾ ಅಲ್ಲಿಯ ತನಕ ತಡೆದುಕೊಂಡಿದ್ದವಳು ಈಗ ಅಳತೊಡಗಿದಳು. ಅದರಲ್ಲಿ ಸಿಟ್ಟೂ ಇತ್ತು. "ನಾನು ಹೇಳ್ದೇ ಇದ್ದಿದ್ರೆ ಏನಾಗ್ತಿತ್ತು ಮೇಡಂ?"

"ಹೇಳ್ದೇ ಇದ್ದಿದ್ರೆ ನೀನು ಡಾಕ್ಟ್ರು ಆಗ್ತಿದ್ದೆ, ನಾನು ರಿಟೈರ್ ಆಗ್ತಿದ್ದೆ. ಡಬ್ ಮಾತ್ರ ಎಲ್ಲಿತ್ತೋ ಅಲ್ಲೇ ಇರ್ತಿತ್ತು."

ಮರುದಿನ ವಿಭಾಗದ ಮುಖ್ಯಸ್ಥರ ಬಳಿ ಹೋದೆವು. ನಾಜಿಮಾಳ ಅವಧಿಯನ್ನು ಇನ್ನೊಮ್ಮೆ ವಿಸ್ತರಿಸಬೇಕು, ಅಚ್ಚಾದ ಪ್ರಬಂಧವನ್ನು ಹಿಂತೆಗೆದುಕೊಳ್ಳಬೇಕು ಎಂದು ಮೇಡಂ ಹೇಳಿದರು. ಮುಖ್ಯಸ್ಥರು ಕೆಟ್ಟವರಲ್ಲ. "ಮೇಡಂ, ಇನ್ನೇನು ನಿಮ್ಮ ಸರ್ವೀಸು ಮುಗೀತಾ ಬಂತು. ಯಾಕೆ ಮೈಮೇಲೆ ಎಳ್ಕೊಳ್ತೀರಿ? ತಾಂತ್ರಿಕ ಕಾರಣ ಅಂತ ಬರೀರಿ, ನಾನು ನೋಡ್ಕೊಳ್ತೀನಿ" ಎಂದರು. ನನಗೂ ಅದು ಸರಿಯೆನಿಸಿತು. ಮೇಡಂ ಒಪ್ಪಲಿಲ್ಲ. ತಾಂತ್ರಿಕ ಕಾರಣ ಎಂದರೆ ಜನ ಹುಡುಗಿಯನ್ನೇ ಅನುಮಾನಿಸುತ್ತಾರೆ, ಪ್ರಯೋಗ ಮಾಡಿದ ಕೈ ಅವಳದು ಎಂದರು. ತಪ್ಪು ಮಾರ್ಗದರ್ಶಕಿಯದು ಎಂದೇ ಬರೆಸಿದರು. ತಮ್ಮನ ಕಿವಿಗೂ ಸುದ್ದಿ ಬಿತ್ತು. ಅವನು ಒಂದು ದಿನ ಕಾರಿನಲ್ಲಿ ಅಕ್ಕನನ್ನು ಬಿಡಲು ಬಂದಾಗ ನನ್ನ ಹತ್ತಿರ ಹಲುಬಿದ: "ನೋಡಿ ಸಾ, ಯಾರೂ ಆಕ್ದೇ ಇರೋ ಗುರ್ತ ನಮ್ಮಕ್ಕ ತಾನೇ ತನ್ ಗೋಡೆ ಮ್ಯಾಲೆ ಆಕ್ಕಂಡವ್ಳೆ. ಇಂಗಾದ್ರೆ ಎಂಗೆ?"

ಒಂದು ವರ್ಷದ ಮೇಲೆ ಹಿಡಿಯಿತು. ಅರವತ್ತರ ಹತ್ತಿರದ ಹೆಂಗಸು ಮತ್ತೆ ಬೆಂಚಿನ ಮುಂದೆ ನಿಂತು, ವಿದ್ಯಾರ್ಥಿನಿಯ ಪಕ್ಕದಲ್ಲಿ ಕೋಶಗಳಿಗೆ ಆಹಾರ ಹಾಕಿದರು, ಟ್ಯೂಬು ತೊಳೆದರು. ಪುಡಿಯನ್ನು ಇಬ್ಬರೂ ಸರದಿಯ ಮೇಲೆ ತೂಗಿದರು. ಅಷ್ಟು ಮಟ್ಟಿಗೆ ಮೇಡಂ ಪಟ್ಟು ಸಡಿಲಿಸಿದ್ದರು. ಸಂಜೆ ಇಬ್ಬರೂ ಕೆಂಪು ಕಣ್ಣಿನಲ್ಲಿ ಗೇಟಿನ ತನಕ ನಡೆದು ಹೋಗುವುದನ್ನು ನೋಡಿದರೆ ಸಂಕಟವಾಗುತ್ತಿತ್ತು. ನಾಜಿಮಾಳ ಮಾತು ಕಡಿಮೆಯಾಗಿತ್ತು. ಕಾಯುತ್ತಿದ್ದ ಕಾಲೇಜು ಕಾಯುವುದನ್ನು ನಿಲ್ಲಿಸಿತು. ಅವಳು ಮೇಡಂ ಮೇಲೆ ಸಿಟ್ಟಿನಲ್ಲಿದ್ದ ದಿನಗಳಿದ್ದವು, ಆ ದಿನಗಳಲ್ಲಿ ಮೇಡಂ ತಾವು ತಂದ ಊಟದ ಡಬ್ಬಿಯನ್ನು ಅವಳ ಕಡೆಗೆ ತಳ್ಳಿ ತಾವು ಹೊರಗೆ ಹೋಗುತ್ತಿದ್ದರು.

ಕೋಶಗಳನ್ನು ಮತ್ತೆ ಬೆಳೆಸಬಹುದು. ಗಡ್ಡೆಯ ಚೂರುಗಳು ಮಾತ್ರ ಮತ್ತೆ ಸಿಗುವಂಥವಲ್ಲ. ಅವೆಲ್ಲ ಆ ಸತ್ತ ದ್ರಾವಣದಲ್ಲೇ ಅರೆದು ಮುಗಿದಿದ್ದವು. ಇನ್ನೊಮ್ಮೆ ಕೊಡಿ ಎಂದು ಕೇಳಲು ಆ ರೋಗಿಗಳಲ್ಲಿ ಎಷ್ಟು ಜನ ಉಳಿದಿದ್ದರೋ. ಹೊಸ ರೋಗಿಗಳಿಂದ ಅಷ್ಟು ಚೂರು ಕೂಡಿಸಲು ನಾಜಿಮಾಳಿಗೆ ಸಿಕ್ಕ ಅವಧಿ ಸಾಲದು. ಖಾಲಿ ಫ್ರೀಜರ್ ತಟ್ಟೆಯನ್ನು ಮೇಡಂ ತಾವೇ ತೆಗೆದು ಒರೆಸಿ ಇಟ್ಟರು. ಅವತ್ತು ಅವರು ಟೀಗೆ ಬರಲಿಲ್ಲ. ಈ ವಿಷಯವನ್ನು ಅವರ ಎದುರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಕೊನೆಗೆ ನಿಂತದ್ದು ಸಣ್ಣ ಸತ್ಯ. ಡಬ್ ಇದ್ದರೆ ಹೊಟ್ಟೆಯ ಕ್ಯಾನ್ಸರ್ ಕೋಶಗಳು ಬೇಗ ಬೆಳೆಯುತ್ತವೆ, ಅದು ಉಳಿಯಿತು. ಹರಡುವುದಕ್ಕೆ ಅದು ಕಾರಣವೆಂಬುದಕ್ಕೆ ನಮ್ಮಲ್ಲಿ ಆಧಾರವಿಲ್ಲ. ಇಷ್ಟನ್ನು ನಾಜಿಮಾ ತೆಳ್ಳನೆಯ ಪ್ರಬಂಧವಾಗಿ ಬರೆದಳು.

ಮೌಖಿಕ ಪರೀಕ್ಷೆಯ ದಿನ ನಾನೂ ಹೋದೆ. ಹೊರಗಿನ ಊರಿನಿಂದ ಬಂದ ಪರೀಕ್ಷಕರು ಹೆಸರುವಾಸಿ, ಸಿಡುಕರು. ಮುಂದಿನ ಸಾಲಿನಲ್ಲಿ ಮೇಡಂ, ಹಿಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕದಲ್ಲಿ ನಾಜಿಮಾಳ ತಾಯಿ. ಅವರು ಬುರ್ಖಾದ ಮೇಲೆ ಹೊಸ ದುಪಟ್ಟಾ ಹೊದ್ದು, ಕೈಯಲ್ಲಿ ಸಿಹಿಯ ಡಬ್ಬ ಹಿಡಿದುಕೊಂಡು ಕೂತಿದ್ದರು. ಮಾತೆಲ್ಲ ಇಂಗ್ಲಿಷಿನಲ್ಲಿ ನಡೆದದ್ದರಿಂದ ಅವರು ಮಗಳ ಮುಖವನ್ನಷ್ಟೇ ನೋಡುತ್ತಿದ್ದರು. ನಮ್ಮಲ್ಲಿ ನಡೆದುಬಂದ ಪದ್ಧತಿಯೊಂದಿದೆ: ವಿದ್ಯಾರ್ಥಿ ಉತ್ತರ ಕೊಡುವಾಗ ಮಾರ್ಗದರ್ಶಕರು ಬಾಯಿ ತೆರೆಯುವಂತಿಲ್ಲ. ತೆರೆದರೆ ವಿದ್ಯಾರ್ಥಿಗೆ ಸ್ವಂತ ಬುದ್ಧಿಯಿಲ್ಲ ಎಂದು ಲೆಕ್ಕ.

ನಾಜಿಮಾ ಚೆನ್ನಾಗಿಯೇ ಉತ್ತರಿಸುತ್ತಿದ್ದಳು. ಅರ್ಧ ದಾರಿಯಲ್ಲಿ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಇಷ್ಟೆಲ್ಲ ಬೆಳೆಸಿದ ಕೋಶಗಳಲ್ಲೇ ಮಾಡಿದ್ದೀರಿ. ಒಬ್ಬನೇ ಒಬ್ಬ ರೋಗಿಯ ಗಡ್ಡೆಯನ್ನೂ ನೋಡಿಲ್ಲ. ಬೆಂಗಳೂರಲ್ಲಿ ಕೂತು ಇಷ್ಟು ವರ್ಷ ಏನು ಮಾಡ್ತಿದ್ರಿ? ತಂದುಕೊಳ್ಳೋ ಶ್ರಮಾನೂ ಪಡಲಿಲ್ವೇ?"

ನಾಜಿಮಾ ಒಂದು ಗಳಿಗೆ ಮುಂದಿನ ಸಾಲಿನ ಕಡೆ ನೋಡಿದಳು. ಐಸಿನ ಡಬ್ಬ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದವಳು. ತಲೆ ತಗ್ಗಿಸಿ ಹೇಳಿದಳು: "ಸಿಗಲಿಲ್ಲ ಸರ್."

ಪರೀಕ್ಷಕರು ಏನನ್ನೋ ಬರೆದುಕೊಳ್ಳಲು ಪೆನ್ನು ತೆಗೆದರು. ಆಗ ಮೇಡಂ ಎದ್ದು ನಿಂತರು. ಕುರ್ಚಿ ಹಿಂದಕ್ಕೆ ಸರಿದ ಸದ್ದಿಗೆ ಎಲ್ಲರೂ ತಿರುಗಿದರು.

"ಸಿಕ್ಕಿದ್ವು. ಇವಳೇ ಹೋಗಿ ತಂದಿದ್ದಳು, ಒಂದೊಂದನ್ನೂ ಜೋಪಾನವಾಗಿ. ಹಾಳು ಮಾಡಿದ್ದು ನಾನು" ಎಂದು ಇಂಗ್ಲಿಷಿನಲ್ಲಿ ಹೇಳಿದರು.

"ಮೇಡಂ, ದಯವಿಟ್ಟು ಕೂತ್ಕೊಳ್ಳಿ. ನೀವು ಮಾತಾಡೋ ಹಾಗಿಲ್ಲ" ಎಂದರು ಪರೀಕ್ಷಕರು.

"ಗೊತ್ತು" ಎಂದು ಮೇಡಂ ಕೂತರು. ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿ, ನಾಜಿಮಾಳನ್ನು ನೋಡಿ, ದನಿ ತಗ್ಗಿಸಿ, "ಮುಂದುವರಿಸಮ್ಮಾ" ಎಂದರು. ನಾಜಿಮಾ ಪರದೆಯ ಕಡೆ ತಿರುಗಿದಳು. ಕಣ್ಣು ಒರೆಸಿಕೊಂಡಳೋ ಏನೋ, ಹಿಂದಿನ ಸಾಲಿಗೆ ಕಾಣಿಸಲಿಲ್ಲ.

ಅವಳ ತಾಯಿ ಗಾಬರಿಯಿಂದ ನನ್ನ ತೋಳು ಹಿಡಿದು ಪಿಸುಗುಟ್ಟಿದರು: "ಮೇಡಂ ಯಾಕೆ ನಿಂತ್ಕೊಂಡ್ರು ಸಾರ್? ನಮ್ ಹುಡ್ಗೀದು ಏನಾದ್ರೂ ತಪ್ಪಾಯ್ತಾ?"

"ಇಲ್ಲಮ್ಮಾ" ಎಂದೆ. "ಹುಡ್ಗೀದು ಏನೂ ತಪ್ಪಿಲ್ಲ ಅಂತ ಹೇಳೋಕೇ ನಿಂತ್ಕೊಂಡಿದ್ದು."